ಪ್ಲಾಸ್ಟಿಕ್ ಕೋವಿ ಆಗುತ್ತದೆ, ಏರ್‌ಗನ್ ಆಗುವುದಿಲ್ಲವಾ?

ಪೆರ್ನಾಲಿನ ವಾರ ನಮ್ಮ ಪೇಟೆಯಲ್ಲಿ ಅತಿ ಹೆಚ್ಚು ಖರ್ಚಾಗುವ ಆಟಿಕೆ ಯಾವುದೆಂದು ಅಂಗಡಿಯವನ ಮಗನಾದ ನನ್ನಲ್ಲಿ ಕೇಳಿ. ಚೆಂಡಲ್ಲ, ಬ್ಯಾಟಲ್ಲ. ಹಳದಿ ಗುಂಡು ಹಾರಿಸುವ ಪ್ಲಾಸ್ಟಿಕ್ ಕೋವಿ. ಹೊಸ ಬಟ್ಟೆ ಹಾಕಿಕೊಂಡು, ಪೆರ್ನಾಲ್ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬರುವ ಹುಡುಗ ಅದನ್ನು ಕೊಂಡು, ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಒಂದು ಕೆಲಸ ಮಾಡುತ್ತಾನೆ. ಪಕ್ಕದಲ್ಲಿರುವ ತಮ್ಮನ ಮುಖಕ್ಕೆ ಗುರಿ ಹಿಡಿಯುತ್ತಾನೆ. ಇಪ್ಪತ್ತು ವರ್ಷದಿಂದ ಕೌಂಟರಿನ ಈ ಬದಿಯಿಂದ ನೋಡುತ್ತಿದ್ದೇನೆ, ಇದಕ್ಕೆ ಅಪವಾದ ಕಂಡದ್ದು ಕಡಿಮೆ. ಉಪ್ಪ ಉಮ್ಮ ಹತ್ತಿರ ನಿಂತು ನಗುತ್ತಾರೆ, ಕೆಲವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಆ ಗುಂಡು ಆರು ಮಿಲಿಮೀಟರಿನದ್ದು. ಕಣ್ಣಿಗೆ ಬಿದ್ದರೆ ಒಳಗೆ ರಕ್ತ ಕಟ್ಟಲು ಅಷ್ಟು ಧಾರಾಳ ಸಾಕು.

ಇದೇ ಮನೆಯವರು, ನಾನು ನನ್ನ ಮಗಳಿಗೂ ತಂಗಿಯ ಮಗನಿಗೂ ಮನೆಯಲ್ಲಿ ಏರ್‌ಗನ್ನಿನಲ್ಲಿ ಗುರಿ ಇಡಲು ಕಲಿಸುತ್ತೇನೆ ಎಂದು ಗೊತ್ತಾದಾಗ ಬಾಯಿ ಮೇಲೆ ಕೈ ಇಟ್ಟರು. "ಮಕ್ಕಳ ಕೈಗೆ ಕೋವಿಯಾ?" ಹೌದು ಮಾರಾಯ್ರೆ, ಕೋವಿಯೇ. ನಿಮ್ಮ ಮಕ್ಕಳ ಕೈಯಲ್ಲೂ ಉಂಟು, ಮೂರು ವರ್ಷ ಪ್ರಾಯದಿಂದಲೇ ಉಂಟು. ಪ್ಲಾಸ್ಟಿಕ್ಕಿನದ್ದು ಮುರಿದ ಮೇಲೆ ಮೊಬೈಲಿನಲ್ಲಿ ಬಂತು. ಪಬ್ಜಿಯನ್ನು ಸರಕಾರ 2020ರಲ್ಲಿ ನಿಷೇಧಿಸಿತು, ಮರು ವರ್ಷ ಅದು ಬೇರೆ ಹೆಸರಿಟ್ಟುಕೊಂಡು ವಾಪಸ್ ಬಂತು. ತರಾವೀಹ್ ಮುಗಿಸಿ ಬಂದು ಸಹರಿಯವರೆಗೆ ಅದನ್ನೇ ಒತ್ತುತ್ತಾ ಕೂರುವ ಹುಡುಗರು ಯಾವ ಮನೆಯಲ್ಲಿ ಇಲ್ಲ ಹೇಳಿ. ಆ ಆಟದಲ್ಲಿ ಗುರಿ ಇರುವುದು ಮನುಷ್ಯನ ತಲೆಗೆ, ಅದಕ್ಕೇ ಹೆಚ್ಚು ಅಂಕ.

ಹಾಗಾಗಿ ಮಕ್ಕಳಿಗೆ ಕೋವಿ ಬೇಕೋ ಬೇಡವೋ ಎಂಬ ಚರ್ಚೆ ನನ್ನಲ್ಲಿ ಬೇಡ. ಅದು ಎಂದೋ ಮುಗಿದಿದೆ. ಮಗು ಮೊದಲು ಕಲಿಯುವುದು ಮನುಷ್ಯನತ್ತ ಹಿಡಿಯಲಿಕ್ಕಾ, ಕಾಗದದತ್ತ ಹಿಡಿಯಲಿಕ್ಕಾ ಎಂಬುದಷ್ಟೇ ಬಾಕಿ ಇರುವ ವಿಷಯ. ಈಗ ನಾವು ಅದನ್ನು ಆಟಿಕೆ ಮಾಡುವವನಿಗೂ ಗೇಮ್ ಮಾಡುವವನಿಗೂ ಬಿಟ್ಟುಕೊಟ್ಟಿದ್ದೇವೆ.

ಹತ್ತು ಮೀಟರ್ ಏರ್ ರೈಫಲ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನಿಗೆ ಇದು ಬೇಟೆಗಿಂತ ಅಳತೆಯ ಕೆಲಸದಂತೆ ಕಾಣುತ್ತದೆ. ರೈಫಲ್ ಗುರಿಕಾರ್ಡಿನ ಕಪ್ಪು ವೃತ್ತ 30.5 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ದೊಡ್ಡ ನಾಣ್ಯದಷ್ಟು. ಅದರ ನಡುವೆ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್, ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ, ಅಂದರೆ ನಡುವಿನಿಂದ ಎರಡೂವರೆ ಮಿಲಿಮೀಟರ್ ಒಳಗೆ ಇರಬೇಕು. ಕೋವಿಯ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಅರ್ಧ ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಅಲ್ಲಿ 0.1 ಮಿಲಿಮೀಟರ್ ತಪ್ಪಿದರೆ ಹತ್ತು ಮೀಟರಿನಲ್ಲಿ ಎರಡು ಮಿಲಿಮೀಟರ್ ತಪ್ಪುತ್ತದೆ. ಹನ್ನೊಂದು ವರ್ಷದ ನನ್ನ ಮಗಳಿಗೆ ದಶಾಂಶದ ಲೆಕ್ಕ ತಲೆಗೆ ಹೋದದ್ದು ಶಾಲೆಯಲ್ಲಲ್ಲ, ಈ ಕಾರ್ಡನ್ನು ವರ್ನಿಯರಿನಲ್ಲಿ ಅಳೆದು. ಇನ್ನೊಂದು ವಿಷಯ, ಈ ಆಟದಲ್ಲಿ ಎದುರಾಳಿ ಕಾಣುವುದಿಲ್ಲ. ಯಾರನ್ನೂ ದೂಡುವುದಿಲ್ಲ, ಬೀಳಿಸುವುದಿಲ್ಲ. ಸ್ವಂತ ಉಸಿರು, ಸ್ವಂತ ಎದೆಬಡಿತ, ಅವೆರಡೇ ತೊಂದರೆ ಕೊಡುವವು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯದೆ ಸಕ್ಕರೆ ಕಟ್ಟಿಕೊಡುವವನು ಅಂಗಡಿ ನಡೆಸಲಾರ ಎಂದು ಉಪ್ಪ ಹೇಳುವುದುಂಟು. ಇದೂ ಅದೇ ಜಾತಿಯ ತಾಳ್ಮೆ.

ಆದರೆ ನಮ್ಮಲ್ಲಿ ಏರ್‌ಗನ್ ಎಂದರೆ ಜನರಿಗೆ ನೆನಪಾಗುವುದು ಕಾರ್ಡಲ್ಲ, ಕಾಗೆ. ಅಡಿಕೆ ತೋಟ ಇರುವ ಹಳೆಯ ಮನೆಗಳಲ್ಲಿ ಬಾಗಿಲ ಹಿಂದೆ ಒಂದು ತುಕ್ಕು ಹಿಡಿದ ಏರ್‌ಗನ್ ಇರುತ್ತದೆ. ಬಾವಲಿಗೆ, ಅಳಿಲಿಗೆ, ಮೈನಾಕ್ಕೆ. ಗಲ್ಫಿನಿಂದ ರಜೆಗೆ ಬಂದ ಕಾಕ ಒಂದು ಹೊಸದನ್ನು ತರಿಸಿ, ಅಣ್ಣನ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬೆಳ್ಳಕ್ಕಿಗೆ ಹೊಡೆದು ರೀಲ್ ಹಾಕುತ್ತಾನೆ. ಇವರ ಮೇಲೆ ನನಗಿರುವ ಸಿಟ್ಟು ಬಾಯಿ ಮೇಲೆ ಕೈ ಇಟ್ಟವರ ಮೇಲೂ ಇಲ್ಲ. ಕಾಡುಹಕ್ಕಿಯನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಲ್ಲಿ ಅಪರಾಧ, ಅದು ಒಂದು. ಪೆಟ್ಟು ತಿಂದ ಹಕ್ಕಿ ಪಟ್ಟೆಂದು ಸಾಯುವುದಿಲ್ಲ, ಎಲ್ಲೋ ಪೊದೆಯಲ್ಲಿ ಎರಡು ದಿನ ನರಳುತ್ತದೆ, ಅದು ಇನ್ನೊಂದು. ಮೂರನೆಯದ್ದು ನಮಗೆ ಮದ್ರಸದಲ್ಲೇ ಹೇಳಿಕೊಟ್ಟದ್ದು. ಪ್ರವಾದಿಯವರು ಬಾಣವಿದ್ಯೆ ಕಲಿಯಲು ಹುರಿದುಂಬಿಸಿದರು ಎಂಬ ಹದೀಸನ್ನು ಸ್ಟೇಟಸ್ ಹಾಕುವವರು ಬಹಳ ಮಂದಿ. ಜೀವ ಇರುವುದನ್ನು ಗುರಿಯಾಗಿ ನಿಲ್ಲಿಸಬಾರದೆಂದು ತಡೆದದ್ದು, ತಮಾಷೆಗೂ ಸಹೋದರನತ್ತ ಆಯುಧ ತೋರಿಸಬಾರದೆಂದು ಎಚ್ಚರಿಸಿದ್ದು, ಅದೇ ಉಸ್ತಾದರು ಅದೇ ಬೆಂಚಿನಲ್ಲಿ ಕೂರಿಸಿ ಹೇಳಿದ್ದಲ್ಲವಾ? ಅದರ ಸ್ಟೇಟಸ್ ನಾನು ಇಷ್ಟರವರೆಗೆ ಕಂಡಿಲ್ಲ. ಪೆರ್ನಾಲಿನ ಪ್ಲಾಸ್ಟಿಕ್ ಕೋವಿಗೂ ಆ ಎರಡನೆಯ ಮಾತು ಅನ್ವಯಿಸುತ್ತದೆ ಎಂದು ಯಾರಾದರೂ ಖುತುಬಾದಲ್ಲಿ ಒಮ್ಮೆ ಹೇಳಿದರೆ ಒಳ್ಳೆಯದಿತ್ತು.

ಈಗ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಸ್ವರ ತಗ್ಗಿಸಿ, ಬದಿಗೆ ಕರೆದು ಹೇಳುತ್ತಾರೆ. "ನಮ್ಮ ಹುಡುಗನ ಕೈಯಲ್ಲಿ ಕೋವಿ ಇರುವ ಫೋಟೋ ಯಾರಾದರೂ ಹಾಕಿದರೆ ಎಂತ ಕಥೆ? ಬೇರೆಯವರ ಮಗ ಹಿಡಿದರೆ ಕ್ರೀಡೆ, ನಮ್ಮವನು ಹಿಡಿದರೆ ಸುದ್ದಿ." ಈ ಮಾತನ್ನು ನಾನು ನಗೆಯಾಡುವುದಿಲ್ಲ. ಉಪ್ಪಳದಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವ ನನಗೆ ಇದು ಅರ್ಥವಾಗದ ಭಯ ಅಲ್ಲ. ನಮ್ಮ ಹೆಸರು ಕೇಳಿ ಬಾಡಿಗೆ ಮನೆ ಇಲ್ಲ ಎಂದವರನ್ನು ನಾನೂ ಕಂಡಿದ್ದೇನೆ.

ಆದರೆ ಈ ಭಯಕ್ಕೆ ನಾವು ಕೊಡುವ ಉತ್ತರ ನೋಡಿ. ಅಡಗಿಕೊಳ್ಳುವುದು. ನಾನು ಹೈಸ್ಕೂಲಿನಲ್ಲಿದ್ದಾಗ ಎನ್‌ಸಿಸಿಗೆ ಹೆಸರು ಕೊಟ್ಟ ನಮ್ಮ ಹುಡುಗರನ್ನು ಮನೆಯವರು ಹೋಗಿ ಬಿಡಿಸಿಕೊಂಡು ಬಂದದ್ದು ನನ್ನ ಕಣ್ಣ ಮುಂದೆ. ಅಲ್ಲಿ .22 ರೈಫಲ್ ಕೊಟ್ಟು ಗುರಿ ಇಡಲು ಕಲಿಸುತ್ತಾರೆ, ಸರಕಾರವೇ ಕಲಿಸುತ್ತದೆ, ಸರ್ಟಿಫಿಕೇಟ್ ಕೊಡುತ್ತದೆ, ಆ ಸರ್ಟಿಫಿಕೇಟಿಗೆ ಮುಂದೆ ಬೆಲೆ ಉಂಟು. "ನಮಗೆ ಅದೆಲ್ಲ ಬೇಡ ಮೋನೆ." ಪೊಲೀಸ್ ಪರೀಕ್ಷೆ ಬೇಡ, ಸೇನೆ ಬೇಡ, ಕ್ಲಬ್ಬು ಬೇಡ. ವೀಸಾ ಮಾತ್ರ ಬೇಕು. ವೇದಿಕೆ ಹತ್ತಿದರೆ ಉಳ್ಳಾಲದ ರಾಣಿ ಅಬ್ಬಕ್ಕನ ಸೇನೆಯಲ್ಲಿ ಬ್ಯಾರಿಗಳಿದ್ದರು ಎಂದು ಎದೆ ಉಬ್ಬಿಸಿ ಭಾಷಣ ಮಾಡುತ್ತೇವೆ, ಮನೆಗೆ ಬಂದು ಮಗನ ಹೆಸರನ್ನು ಎನ್‌ಸಿಸಿ ಪಟ್ಟಿಯಿಂದ ಹೊಡೆಸುತ್ತೇವೆ. ನಮ್ಮನ್ನು ಯಾರಾದರೂ ಹೊರಗೆ ಇಡುವ ಮೊದಲೇ ನಾವೇ ಹೊರಗೆ ಹೋಗಿ ನಿಂತರೆ ಅವರ ಕೆಲಸ ಸುಲಭವಾಗುತ್ತದೆ.

ಕದ್ದುಮುಚ್ಚಿ ಇಟ್ಟ ವಸ್ತುವಿನ ಮೇಲೆಯೇ ಸಂಶಯ ಬರುವುದು. ನಮ್ಮಿಂದ ಘಟ್ಟ ಹತ್ತಿದರೆ ಸಿಗುವ ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು, ಊರೆಲ್ಲ ಸೇರಿ, ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ ಮಾಡುತ್ತಾರೆ. ಎಲ್ಲರೆದುರು ನಡೆಯುವುದರಿಂದ ಅದು ಹಬ್ಬ. ನಮಗೆ ಆ ಪರಂಪರೆ ಇಲ್ಲ, ಬೇಕೆಂದು ನಾನು ಹೇಳುವುದೂ ಇಲ್ಲ. ಎಲ್ಲರೆದುರು ಮಾಡುವ ಧೈರ್ಯ ಮಾತ್ರ ಕಲಿಯಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಕೆಯ, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ನಾನು ಅಂಗಡಿಯಿಂದ ಗುರುತಿನ ಚೀಟಿ ಕೊಟ್ಟು, ಬಿಲ್ ಹಾಕಿಸಿಕೊಂಡು ತಂದೆ. ಆ ಬಿಲ್ ಲ್ಯಾಮಿನೇಷನ್ ಮಾಡಿ ಇಟ್ಟಿದ್ದೇನೆ. ಪಕ್ಕದ ಮನೆಯ ಶೆಟ್ರಿಗೆ ಮೊದಲೇ ಹೋಗಿ ಹೇಳಿದೆ, ಮೇಲೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದೆ. ಈಗ ಅವರ ಮೊಮ್ಮಗನೂ ಭಾನುವಾರ ಬರುತ್ತಾನೆ, ತಂಗಿಯ ಮಗನಿಗಿಂತ ಚೆನ್ನಾಗಿ ಹೊಡೆಯುತ್ತಾನೆ, ಅದಕ್ಕೆ ಇವನಿಗೆ ಮುಖ ದಪ್ಪ. ಕೋವಿ ಹಿಡಿದು ಫೋಟೋ ತೆಗೆಯುವುದು ನಮ್ಮಲ್ಲಿ ಇಲ್ಲ, ಯಾರಿಗೂ ಇಲ್ಲ. ಕಾರ್ಡಿನ ಫೋಟೋ ತೆಗೆದು ಎಲ್ಲಿ ಬೇಕಾದರೂ ಹಾಕಿ. ಭಯದ ಮುಕ್ಕಾಲು ಪಾಲು ಆ ಒಂದು ನಿಯಮದಲ್ಲಿ ಹೋಗುತ್ತದೆ.

ಇನ್ನು ಅಪಾಯದ ವಿಷಯ. ಇಲ್ಲಿ ನನ್ನ ಪರವಾಗಿ ಮಾತಾಡುವವರನ್ನೂ ನಾನು ನಂಬುವುದಿಲ್ಲ. "ಏರ್‌ಗನ್ ಅಲ್ಲವಾ, ಎಂತ ಆಗುತ್ತದೆ?" ಎನ್ನುವವರು ಇವರು. ಲೆಕ್ಕ ಕೇಳಿ. ಸ್ಪರ್ಧೆಯ ಏರ್ ರೈಫಲಿನ ಪೆಲೆಟ್ ಅರ್ಧ ಗ್ರಾಮಿನಷ್ಟು ತೂಕದ್ದು, ಸೆಕೆಂಡಿಗೆ 170 ಮೀಟರಿನ ಆಸುಪಾಸಿನಲ್ಲಿ ಹೊರಬೀಳುತ್ತದೆ. ಶಕ್ತಿ ಏಳೂವರೆ ಜೂಲ್‌ನಷ್ಟು. ಒಂದು ಕಿಲೋ ಅಕ್ಕಿಯ ಕಟ್ಟು ನಮ್ಮ ಅಂಗಡಿಯ ಕೌಂಟರಿನಿಂದ ನೆಲಕ್ಕೆ ಬಿದ್ದರೆ ಇರುವಷ್ಟೇ ಶಕ್ತಿ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಅಕ್ಕಿಯ ಕಟ್ಟು ಅಂಗೈಯಗಲ, ಇದು ಒಂದು ಕೊತ್ತಂಬರಿ ಕಾಳಿನಷ್ಟು ಜಾಗಕ್ಕೆ ಅಷ್ಟನ್ನೂ ಇಳಿಸುತ್ತದೆ. ಕಣ್ಣು ಹೋಗುತ್ತದೆ. ಮಕ್ಕಳ ತೆಳು ಎಲುಬಿನೊಳಗೆ ಇಳಿದು ಪ್ರಾಣ ಹೋದದ್ದೂ ಉಂಟು. ಲೈಸೆನ್ಸ್ ಬೇಡ ಎಂದರೆ ಆಟಿಕೆ ಎಂದಲ್ಲ.

ಆದ್ದರಿಂದ ಕೋವಿಗಿಂತ ಮೊದಲು ಗೋಡೆ ತಯಾರಾಗಬೇಕು. ನಾನು ಕೋವಿ ತರುವುದಕ್ಕೆ ಎರಡು ತಿಂಗಳ ಮೊದಲು ಪೆಲೆಟ್ ಹಿಡಿಯುವ ಪೆಟ್ಟಿಗೆ ಮಾಡಿದೆ. ಬೈಕಂಪಾಡಿಯಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಉಳಿದ ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು. ಅದನ್ನು ಪೆಟ್ಟಿಗೆಯೊಳಗೆ 45 ಡಿಗ್ರಿ ಓರೆಯಾಗಿ, ಮೇಲಿನ ತುದಿ ನಮ್ಮ ಕಡೆಗೆ ಬಾಗುವಂತೆ ಬೆಸೆದು, ಕೆಳಗೆ ಹೊಯಿಗೆ ತುಂಬಿದ ತಟ್ಟೆ ಇಟ್ಟೆ. ಪೆಲೆಟ್ ತಗಡಿಗೆ ಬಡಿದು ಕೆಳಗೆ ಹೊಯಿಗೆಗೆ ಬೀಳುತ್ತದೆ. ನೆಟ್ಟಗೆ ನಿಲ್ಲಿಸಿದರೆ ಅದೇ ತಗಡು ಪೆಲೆಟ್ಟನ್ನು ನಮ್ಮ ಮುಖಕ್ಕೇ ವಾಪಸ್ ಕೊಡುತ್ತದೆ. ಸಿಮೆಂಟ್ ಸಾರಿಸಿದ ಗೋಡೆಯೂ ಹಾಗೆಯೇ. ಉಕ್ಕಿನ ಗುಂಡುಗಳು ಸಿಗುತ್ತವೆ, ಅವು ಇನ್ನೂ ಕೆಟ್ಟವು, ರಬ್ಬರಿನ ಹಾಗೆ ಪುಟಿಯುತ್ತವೆ, ಮನೆಯೊಳಗೆ ತರಲೇಬೇಡಿ. ತಗಡು ಸಿಗದವರು ಗಟ್ಟಿ ಮರದ ಪೆಟ್ಟಿಗೆಗೆ ಹಳೆಯ ಬಟ್ಟೆ ಬಿಗಿಯಾಗಿ ಜಡಿದು, ಅದರ ಹಿಂದೆ ಹೊಯಿಗೆಯ ಗೋಣಿ ಇಡಲಿ. ನಮ್ಮ ಪೆಟ್ಟಿಗೆ ಇರುವುದು ಶೀಟ್ ಹಾಕಿದ ಟೆರೇಸಿನಲ್ಲಿ, ಹಿಂದೆ ಕೆಂಪುಕಲ್ಲಿನ ಗೋಡೆ, ಗುರಿಯ ಬದಿಗೆ ಬಾಗಿಲೇ ಇಲ್ಲ. ಬಾಗಿಲಿರುವುದು ಹೊಡೆಯುವವರ ಹಿಂದೆ. ಬಟ್ಟೆ ಒಣಗಿಸಲು ಬರುವ ಉಮ್ಮ ಯಾವ ಹೊತ್ತಿಗೂ ಮಕ್ಕಳ ಬೆನ್ನ ಹಿಂದಿನಿಂದಲೇ ಬರಬೇಕು. ಇಷ್ಟು ಜಾಗ ಇಲ್ಲದ ಮನೆಯವರು ದಯವಿಟ್ಟು ಈ ಬರಹ ಇಲ್ಲಿಗೇ ನಿಲ್ಲಿಸಿ, ಕೇರಂ ಆಡಿ.

ಸ್ಪ್ರಿಂಗ್ ಕೋವಿಯಲ್ಲಿ ನಳಿಕೆಯನ್ನು ಮಡಚಿದಾಗ ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ಪಿಸ್ಟನ್ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಟ್ರಿಗರ್ ತಾಗಿದರೆ ನಳಿಕೆ ಬಡಿದುಕೊಂಡು ಮೇಲೆ ಬರುತ್ತದೆ, ಪೆಲೆಟ್ ಇಡುತ್ತಿರುವ ಬೆರಳು ಅಲ್ಲೇ ಜಜ್ಜಿಹೋಗುತ್ತದೆ. ಹಾಗಾಗಿ ನಳಿಕೆ ಮಡಚುವುದು ನಾನು, ಮಗು ಪೆಲೆಟ್ ಇಡುವವರೆಗೆ ಅದನ್ನು ಬಿಗಿಯಾಗಿ ಹಿಡಿದಿರುವುದೂ ನಾನು. ಪೆಲೆಟ್ ಇಲ್ಲದೆ ಬರಿದೇ ಹೊಡೆದರೆ ಪಿಸ್ಟನ್ ಕುಶನ್ ಇಲ್ಲದೆ ಬಡಿದು ಹಾಳಾಗುತ್ತದೆ, ಅದನ್ನೂ ಬಿಡುವುದಿಲ್ಲ. ಕೋವಿಯ ತೂಕ ಮೂರು ಕಿಲೋದ ಹತ್ತಿರ, ಮಕ್ಕಳ ತೋಳಿಗೆ ಹೆಚ್ಚು. ಮೊದಲ ಆರು ತಿಂಗಳು ಹೊಯಿಗೆ ಚೀಲದ ಮೇಲೆ ಇಟ್ಟು, ಐದು ಮೀಟರಿನಿಂದ. ಎಲ್ಲರಿಗೂ ಕನ್ನಡಕ, ನೋಡುವವರಿಗೂ. ಪೆಲೆಟ್ ಸೀಸದ್ದು, ಸೀಸ ಮಕ್ಕಳ ಮೆದುಳಿಗೆ ವಿಷ, ಬಾಯಲ್ಲಿ ಇಟ್ಟುಕೊಳ್ಳುವ ಚಾಳಿ ಮೊದಲ ದಿನವೇ ಬಿಡಿಸಬೇಕು. ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯದೆ ಚಹಾ ಇಲ್ಲ. ನೆಲವನ್ನು ಗುಡಿಸುವುದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಹತ್ತು ವರ್ಷಕ್ಕಿಂತ ಕೆಳಗಿನ ಮಗುವಿಗೆ ನಾನು ಕೊಡುವುದಿಲ್ಲ, ಎಷ್ಟು ಅತ್ತರೂ.

ಇದಕ್ಕಿಂತ ಮುಖ್ಯವಾದದ್ದು ಉಪ್ಪನ ಐಡಿಯ. ಕೋವಿ ನನ್ನ ಗೋದ್ರೇಜ್ ಕಪಾಟಿನಲ್ಲಿ, ಪೆಲೆಟ್ ಡಬ್ಬ ಅಂಗಡಿಯಲ್ಲಿ ಉಪ್ಪನ ಗಲ್ಲಾ ಪೆಟ್ಟಿಗೆಯಲ್ಲಿ. ಎರಡು ಬೀಗ, ಎರಡು ಕಟ್ಟಡ. ಭಾನುವಾರ ಮಕ್ಕಳು ಅಂಗಡಿಗೆ ಹೋಗಿ ಕೇಳಬೇಕು. ಉಪ್ಪ ಇಪ್ಪತ್ತು ಎಣಿಸಿ ಕೊಟ್ಟು, ಸಾಲದ ಪುಸ್ತಕದಲ್ಲಿ ಅವರ ಹೆಸರಿನಲ್ಲಿ ಬರೆಯುತ್ತಾರೆ. ಸಂಜೆ ಹೊಯಿಗೆ ಜರಡಿ ಹಿಡಿದು ಚಪ್ಪಟೆಯಾದ ಇಪ್ಪತ್ತನ್ನು ವಾಪಸ್ ತಂದು ಎಣಿಸಿಕೊಟ್ಟರೆ ಹೆಸರು ಹೊಡೆದುಹಾಕುತ್ತಾರೆ. ಹತ್ತೊಂಬತ್ತು ಬಂದರೆ ಮುಂದಿನ ವಾರ ಇಲ್ಲ. ಒಮ್ಮೆ ಹತ್ತೊಂಬತ್ತೇ ಬಂತು, ಮಳೆಗಾಲದ ಟೆರೇಸಿನಲ್ಲಿ ಟಾರ್ಚ್ ಹಿಡಿದು ಇಬ್ಬರೂ ಇಶಾದವರೆಗೆ ಹುಡುಕಿದರು. ಸಿಕ್ಕಿತು, ಪೆಟ್ಟಿಗೆಯ ಸಂದಿಯಲ್ಲಿ. ಪಬ್ಜಿಯಲ್ಲಿ ಹಾರಿಸಿದ ಗುಂಡನ್ನು ಯಾವ ಹುಡುಗ ಹುಡುಕಿಕೊಂಡು ಹೋಗುತ್ತಾನೆ?

ಮಗಳ ವಿಷಯದಲ್ಲಿ ಮಾಮಿಯ ಆಕ್ಷೇಪ ಬೇರೆ. "ಹೆಣ್ಣುಮಗುವಿಗೆ ಎಂತಕ್ಕೆ ಇದೆಲ್ಲ?" ನಾನು ಕೇಳುವುದು, ಯಾವ ಆಟ ಆಗುತ್ತದೆ ಹೇಳಿ. ಮೈದಾನಕ್ಕೆ ಹೋದರೆ ಹುಡುಗರು ಇದ್ದಾರೆ, ಈಜಲು ಹೋದರೆ ಉಡುಪು ಸರಿಯಿಲ್ಲ, ಓಡಿದರೆ ಜನ ನೋಡುತ್ತಾರೆ. ಹನ್ನೆರಡು ಆದ ಕೂಡಲೇ ನಮ್ಮ ಹೆಣ್ಣುಮಕ್ಕಳ ಆಟ ನಿಲ್ಲುತ್ತದೆ. ಈ ಆಟದಲ್ಲಿ ರೈಫಲ್ ಹಿಡಿಯುವವರು ಗಂಡಾಗಲಿ ಹೆಣ್ಣಾಗಲಿ ಕತ್ತಿನಿಂದ ಕಾಲಿನವರೆಗೆ ದಪ್ಪ ಕ್ಯಾನ್ವಾಸ್ ಜಾಕೆಟು ಪ್ಯಾಂಟು ಹಾಕಿ ನಿಲ್ಲುತ್ತಾರೆ. ತಲೆಗೆ ಶಾಲು ಹಾಕಿದರೆ ಗುರಿ ತಪ್ಪುವುದಿಲ್ಲ. 2018ರಿಂದ ಹೆಂಗಸರಿಗೂ ಗಂಡಸರಷ್ಟೇ 60 ಹೊಡೆತ. ಮನೆಯ ಟೆರೇಸಿನಲ್ಲಿ, ಉಪ್ಪನ ಎದುರಿನಲ್ಲಿ, ಮೈ ಮುಚ್ಚಿ ಆಡುವ ಈ ಆಟಕ್ಕೂ ಇಲ್ಲ ಎನ್ನುವುದಾದರೆ ಅಡ್ಡಿ ಇರುವುದು ಆಟದಲ್ಲಿ ಅಲ್ಲ.

ದುಡ್ಡಿದ್ದವರ ಆಟ ಎನ್ನುತ್ತಾರೆ. ಅರ್ಧ ಸರಿ. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾರಿಗೆ ತಂದೆ ಮನೆಯಲ್ಲೇ ರೇಂಜ್ ಕಟ್ಟಿಸಿಕೊಟ್ಟಿದ್ದರು. ಸ್ಪರ್ಧೆಯ ವಿದೇಶಿ ರೈಫಲಿಗೆ ಲಕ್ಷಗಳಲ್ಲಿ ಬೆಲೆ. ಆದರೆ ಹದಿನಾರನೇ ವಯಸ್ಸಿನಲ್ಲಿ 2018ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಸೌರಭ್ ಚೌಧರಿ ಮೀರತ್ ಜಿಲ್ಲೆಯ ಒಂದು ಹಳ್ಳಿಯ ರೈತನ ಮಗ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ಮೂರು ಶೂಟಿಂಗಿನವು. ನಾನು ಕೋವಿಗೆ ಕೊಟ್ಟದ್ದು 7,000 ಚಿಲ್ಲರೆ. ಮಗ ಹಟ ಹಿಡಿದಾಗ ನೀವು ಕೊಡಿಸುವ ಮೊಬೈಲಿಗೆ ಅದರ ಎರಡು ಪಾಲು ಆಗುತ್ತದೆ.

ಮಂಜೇಶ್ವರದ ಮಕ್ಕಳಿಗೆ ಮನೆಯ ಟೆರೇಸು ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಾವು ಕೇರಳದವರು, ಸ್ಪರ್ಧೆಗೆ ಇಳಿಯಬೇಕಾದದ್ದು ಕೇರಳದ ಪರ. ರಾಜ್ಯದ ದೊಡ್ಡ ಶೂಟಿಂಗ್ ರೇಂಜ್ ಇರುವುದು ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿ, ನಮ್ಮಿಂದ ಸುಮಾರು 600 ಕಿಲೋಮೀಟರ್. ಒಂದು ರಾತ್ರಿಯ ರೈಲು. ಫುಟ್‌ಬಾಲಿಗೆ ನಮ್ಮ ಜಮಾಅತಿನ ಯುವಕರು ಪ್ರತಿ ವರ್ಷ ಫ್ಲಡ್‌ಲೈಟ್ ಹಾಕಿಸಿ, ಹೊರಗಿನಿಂದ ಆಟಗಾರರನ್ನು ದುಡ್ಡು ಕೊಟ್ಟು ಕರೆಸಿ ಟೂರ್ನಮೆಂಟ್ ಮಾಡುತ್ತಾರೆ. ಮಾಡಲಿ. ಆ ಒಂದು ರಾತ್ರಿಯ ಲೈಟಿನ ಬಾಡಿಗೆಯಲ್ಲಿ ಒಂದು ಹಾಲಿನೊಳಗೆ ಹತ್ತು ಮೀಟರಿನ ಎರಡು ಲೇನ್ ಮಾಡಬಹುದು, ತಗಡು ಬೆಸೆಯುವ ಕೂಲಿ ನನ್ನದು. ಜಿಲ್ಲೆಯ ರೈಫಲ್ ಸಂಘದವರನ್ನು ಕರೆಸಿ, ಪೊಲೀಸ್ ಠಾಣೆಗೆ ಮೊದಲೇ ಒಂದು ಕಾಗದ ಕೊಟ್ಟು, ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಇಟ್ಟು ನಡೆಸಿದರೆ ಎಂತ ತೊಂದರೆ? ಎರಡು ಸಲ ಕೇಳಿದೆ. ಎರಡು ಸಲವೂ "ನೋಡುವಾ" ಎಂದರು.

ಭಾನುವಾರ ಅಸರ್ ಆದ ಮೇಲೆ ನಾವು ಮೇಲೆ ಇರುತ್ತೇವೆ. ಪೆಟ್ಟಿಗೆ ಹೇಗೆ ಮಾಡಿದ್ದೆಂದು ನೋಡಬೇಕಾದವರು ಮಕ್ಕಳನ್ನು ಕರೆದುಕೊಂಡು ಬನ್ನಿ, ಅಳತೆ ಬರೆದುಕೊಡುತ್ತೇನೆ. ಕನ್ನಡಕ ನಿಮ್ಮದೇ ತನ್ನಿ, ನಮ್ಮಲ್ಲಿ ನಾಲ್ಕೇ ಇರುವುದು. ತೋಟಕ್ಕೆ ಬಾವಲಿ ಬರುತ್ತದೆ, ಒಂದು ದಿನದ ಮಟ್ಟಿಗೆ ಕೊಡ್ತೀಯಾ ಎಂದು ಕೇಳುವವರಿಗೆ ಕೆಳಗೆ ಚಹಾ ಮಾತ್ರ ಸಿಗುತ್ತದೆ.